ಅವಳಿಗೆ ‘ಬಾರೇ’, ನನಗೆ ಮಾತ್ರ ‘ಬನ್ನಿ’!

“ಏಯ್, ಸರ್ಕೊಳ್ಳೇ! ಬಿಸಿ ಇದೆ, ಬಿಸಿ!”

ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದ ಅವಳು ಗಕ್ಕನೆ ತಿರುಗಿದಳು. ಕೈಯಲ್ಲಿ ಈರುಳ್ಳಿ ಹೆಚ್ಚೋ ಚಾಕು!

ಎದುರಿಗೆ ಯಾರೋ ಹೊಸಬ. ಎರಡೂ ಕೈಲಿ ಟ್ರೇ, ಹುಬ್ಬಿನ ತುಂಬಾ ಮೈದಾ ಹಿಟ್ಟು.

“ಏನಂದೆ? ಸರ್ಕೊಳ್ಳೇನಾ?”

“ಅಲ್ಲ... ಟ್ರೇ ಬಿಸಿ ಇತ್ತು... ಅದಕ್ಕೆ...”

“ಟ್ರೇ ಬಿಸಿ ಇದ್ರೆ ನಾಲಿಗೆನೂ ಸುಟ್ಟೋಗಿದ್ಯಾ? ಗುರುತಿಲ್ಲ, ಪರಿಚಯ ಇಲ್ಲ, ಬಂದ ತಕ್ಷಣ ಸರ್ಕೊಳ್ಳೇ ಅನ್ನೋಕೆ ನಾನೇನು ನಿನ್ನ ಅತ್ತೆ ಮಗಳಾ? ಸರ್ಕೊಳ್ಳಿ ಅನ್ನು!”

ಅವನು ಚಾಕು ನೋಡಿದ. ಅವಳ ಮುಖ ನೋಡಿದ. ಎರಡರಲ್ಲಿ ಯಾವುದು ಜಾಸ್ತಿ ಚೂಪು ಅಂತ ಲೆಕ್ಕ ಹಾಕ್ತಿದ್ದನೇನೋ...

“ಸರ್ಕೊಳ್ಳಿ.”

“ಹಾಂ. ಈಗ ಬಾ ಒಳಗೆ.”

ಒಳಗೆ ಪಾತ್ರೆ ಒರೆಸ್ತಿದ್ದ ಚಿಕ್ಕಮ್ಮ ಸೆರಗು ಬಾಯಿಗಿಟ್ಕೊಂಡು ನಕ್ಕಿದ್ದೇ ನಕ್ಕಿದ್ದು. “ಪಾಪ ಕಣೇ, ಪಕ್ಕದ ಬೇಕರಿನ ಹೊಸದಾಗಿ ವಹಿಸ್ಕೊಂಡಿರೋ ಹುಡುಗ. ಮೊದಲನೇ ದಿನಾನೇ ಹಿಂಗೆ ಸಿಡಿದ್ರೆ ಓಡೋಗ್ತಾನೆ ಅಷ್ಟೇ!”

ಸಿಡಿಯೋದು ಅವಳಿಗೆ ಹುಟ್ಟುಗುಣ. ಅದಕ್ಕೇ ಚಿಕ್ಕಮ್ಮ ಅವಳಿಗೆ ‘ಸಾಸಿವೆ’ ಅಂತ ಹೆಸರಿಟ್ಟಿದ್ದು. ಬಾಣಲೆಗೆ ಬಿದ್ದ ತಕ್ಷಣ ಚಟಪಟ! ನಿಜವಾದ ಹೆಸರು ಎಲ್ಲರಿಗೂ ಮರೆತೇ ಹೋಗಿತ್ತು ಬಿಡಿ.

ಆದ್ರೆ ಅವನು ಓಡಿಹೋಗಲಿಲ್ಲ.

ಚಿಕ್ಕಮ್ಮನದು ಪಾರ್ಟಿಗಳಿಗೆ ತಿಂಡಿ ಮಾಡಿಕೊಡೋ ಚಿಕ್ಕ ಅಡುಗೆಮನೆ. ಬಿಸಿ ಐಟಂ ಎಲ್ಲಾ ಚಿಕ್ಕಮ್ಮನ ಕೈಲಿ, ತಣ್ಣನೆಯದೆಲ್ಲಾ ಸಾಸಿವೆ ಕೈಲಿ. ಅದರಲ್ಲೂ ಅವಳ ಚಿಕನ್ ಸಲಾಡ್ ಇತ್ತಲ್ಲ... ಒಂದ್ಸಲ ತಿಂದವರು ಟ್ರೇ ಹಿಂದೆಯೇ ನಡ್ಕೊಂಡು ಬರ್ತಿದ್ರು! ಆ ಸಲಾಡ್ ತುಂಬೋಕೆ ಒಂದು ತುತ್ತಿನಷ್ಟು ಪುಟ್ಟ ಪುಟ್ಟ ಗರಿ ಗರಿ ಕಪ್ ಬೇಕು. ಅದನ್ನ ಬೇಯಿಸಿ ತರೋನು ಬೇಕರಿಯವನು.

ಕಪ್‌ಗೆ ಸಲಾಡ್ ತುಂಬೋದು ಟ್ರೇ ಹೊರಗೆ ಹೋಗೋ ಮುಂಚೆ, ಕೊನೇ ಗಳಿಗೆಯಲ್ಲಿ. ಮೊದಲೇ ತುಂಬಿದ್ರೆ ಕಪ್ ಒದ್ದೆಯಾಗಿ ಕುಸಿಯುತ್ತೆ. ಹಾಗಾಗಿ ಕೊನೇ ಗಳಿಗೆಯಲ್ಲಿ ಇಬ್ಬರೂ ಪಕ್ಕಪಕ್ಕ ನಿಲ್ಲಲೇಬೇಕು. ಅವನು ಕಪ್ ಜೋಡಿಸ್ತಾ ಹೋಗ್ತಾನೆ, ಅವಳು ತುಂಬ್ತಾ ಹೋಗ್ತಾಳೆ. ಮೊಣಕೈಗೆ ಮೊಣಕೈ ತಾಗುತ್ತೆ...

ಪ್ರೀತಿ ಆಗೋಕೆ ಇನ್ನೇನು ಬೇಕು ನೀವೇ ಹೇಳಿ!

ಆಯ್ತು. ಸಾಸಿವೆಗೆ ಆಗೇಬಿಡ್ತು. ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಳ್ಳದೇ ಓಡಾಡೋ ಆ ಪೆದ್ದನ ಮೇಲೆ ಅವಳಿಗೆ ಮನಸ್ಸು ಬಂದೇಬಿಡ್ತು.

ಆದ್ರೆ ಒಂದೇ ಒಂದು ಕಷ್ಟ.

ಅವನಿಗೆ ಊರಲ್ಲಿರೋರೆಲ್ಲಾ ‘ನೀನು’. ಹಾಲಿನವನಿಗೆ ‘ಬಾರೋ’, ಗಿರಾಕಿ ಹುಡುಗಿಯರಿಗೆ ‘ತಗೊಳ್ಳೇ’, ಅಷ್ಟೇ ಯಾಕೆ, ಚಿಕ್ಕಮ್ಮನಿಗೂ ‘ನೀನು ಸುಮ್ನಿರು ಆಂಟಿ’. ಇವಳೊಬ್ಬಳಿಗೆ ಮಾತ್ರ...

“ಬನ್ನಿ ಸಾಸಿವೆ.” “ತಗೊಳ್ಳಿ ಸಾಸಿವೆ.” “ಹುಷಾರು, ಕೈ ಸುಟ್ಕೋಬೇಡಿ.”

‘ಯಾರದೋ ಮನೆ ದೊಡ್ಡಮ್ಮನ್ನ ಮಾತಾಡಿಸಿದ ಹಾಗೆ! ಒಂದೇ ಒಂದು ಸಲ ಬಾಯಿ ತಪ್ಪಿ ಬಾರೇ ಅನ್ನಬಾರದಾ?’ ಅಂತ ಅವಳು ಒಳಗೊಳಗೇ ಕುದಿತಿದ್ದಳು. ಹೇಳ್ಕೊಟ್ಟಿದ್ದು ತಾನೇ ತಾನೇ? ಈಗ ಯಾವ ಮುಖ ಇಟ್ಕೊಂಡು ‘ಹಾಗನ್ನಬೇಡ’ ಅಂತ ಕೇಳೋದು?

ಹೀಗಿರುವಾಗ ಬಂತು ನೋಡಿ ಆ ಹಲ್ಲಿನ ಡಾಕ್ಟರ್ ದಂಪತಿಯ ಮದುವೆ ವಾರ್ಷಿಕೋತ್ಸವದ ಪಾರ್ಟಿ.

*

ದೊಡ್ಡ ಪಾರ್ಟಿ ಹಾಲ್. ಹಾಲ್‌ನ ಹಿಂದೆ ಅಡುಗೆಮನೆ. ನಡುವೆ ತಿಂಡಿ ದಾಟಿಸೋಕೆ ಒಂದು ಕಿಟಕಿ.

ಸಾಸಿವೆ ಬೆಳಗ್ಗೆಯೇ ಬಂದು ಕೋಳಿ ಬೇಯಿಸಿ, ಬೆಂದ ನೀರಲ್ಲೇ ಆರೋಕೆ ಬಿಟ್ಟಿದ್ದಳು. ಹಾಗೆ ಬಿಟ್ರೇನೇ ಅದು ಒಣಗಿ ದಾರ ಆಗಲ್ಲ. ಆಮೇಲೆ ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸ್ತಾ ಕೂತಿದ್ದಳು. ಆಗ ಕಿಟಕಿಯಾಚೆಯಿಂದ ಕೇಳಿಸಿತು.

“ಲೋ ಬನ್! ಕತ್ತೆ! ಇಲ್ಲೇ ಇದೀಯೇನೋ ನೀನು!”

“ಅಯ್ಯೋ! ನೀನೇನೇ? ಬಾರೇ, ಬಾರೇ! ಎಷ್ಟು ವರ್ಷ ಆಯ್ತೇ ನಿನ್ನ ನೋಡಿ!”

ಬಾರೇ...

ಬಾರೇ?!

ಸಾಸಿವೆ ಬೆರಳು ನಿಂತುಹೋಯ್ತು. ಕತ್ತು ಉದ್ದ ಮಾಡಿ ಇಣುಕಿದಳು. ಒಬ್ಬ ಹುಡುಗಿ. ಗುಂಗುರು ಕೂದಲು, ಹೆಗಲ ಮೇಲೆ ಗಾಳಿ ತುಂಬೋ ಪಂಪು, ಸುತ್ತ ಬಣ್ಣಬಣ್ಣದ ಬಲೂನು. ಹಾಲ್‌ನ ಅಲಂಕಾರಕ್ಕೆ ಬಂದವಳು. ಬಂದವಳು ಬಂದ ಕೆಲಸ ಮಾಡ್ಕೊಂಡು ಹೋಗ್ಬೇಕಪ್ಪ! ಇವನ ಬೆನ್ನಿಗೆ ಗುದ್ದೋದು ಯಾವ ಅಲಂಕಾರ?

“ಚಿಕ್ಕಮ್ಮ, ಅದ್ಯಾರು ಆ ಬಲೂನು?”

“ಅವನ ಜೊತೆ ಸ್ಕೂಲಲ್ಲಿ ಓದಿದವಳಂತೆ. ಒಂದೇ ಬೆಂಚಂತೆ. ಅವನಿಗೆ ಬನ್ ಅಂತ ಅಡ್ಡಹೆಸರು ಇಟ್ಟಿದ್ದೂ ಇವಳೇ ಅಂತೆ.” ಚಿಕ್ಕಮ್ಮ ಓರೆಗಣ್ಣಲ್ಲಿ ನೋಡಿದಳು. “ಯಾಕೆ, ನಿನಗ್ಯಾಕೆ ಮುಖ ಕೆಂಪಾಯ್ತು?”

“ಒಲೆ ಹತ್ರ ಇದೀನಲ್ಲ, ಅದಕ್ಕೆ.”

“ಒಲೆ ಆರಿಸಿ ಎಷ್ಟು ಹೊತ್ತಾಯ್ತೇ ಮಹರಾಯ್ತಿ!”

ಸಾಸಿವೆ ಸಲಾಡಿಗೆ ಹಾಕೋ ಸೆಲೆರಿ ಸೊಪ್ಪಿನ ದಂಟು ಎಳ್ಕೊಂಡು ಹೆಚ್ಚೋಕೆ ಶುರು ಮಾಡಿದಳು. ಕಚ ಕಚ ಕಚ. ಆಚೆಯಿಂದ “ಹೋಗೇ ಸುಳ್ಳಿ!” ಅಂತ ಅವನ ದನಿ. ಕಚ್! “ಏಣಿ ಅಲ್ಲಾಡ್ತಿದೆ, ಸರಿಯಾಗಿ ನಿಂತ್ಕೊಳ್ಳೇ!” ಕಚ್! “ಬೀಳ್ತೀಯ ಕಣೇ!” ಕಚ್ ಕಚ್ ಕಚ್! ಸೇಬು, ಈರುಳ್ಳಿ, ಸಿಕ್ಕಿದ್ದೆಲ್ಲಾ ಸಣ್ಣಗಾಯ್ತು.

‘ಬೀಳ್ಲಿ ಬಿಡು! ಹಿಡ್ಕೊಂಡು ನಿಂತಿದಾನೆ ಏಣಿನ, ಏನೋ ದೊಡ್ಡ ಸಂಪತ್ತು ಅನ್ನೋ ಹಾಗೆ! ನಾನು ಸ್ಟೂಲ್ ಮೇಲೆ ಹತ್ತಿದ್ರೆ ದೂರ ನಿಂತು “ಹುಷಾರಾಗಿ ಇಳೀರಿ” ಅಂತಾನೆ. ಇಳೀರಿ ಅಂತೆ ಇಳೀರಿ!’



ಅವಳ ತಲೆ ಮೇಲೆ ಇವತ್ತು ಇನ್ನೊಂದು ಭಾರ ಬೇರೆ. ಊರಿನ ಆ ತುದಿಯಲ್ಲಿ ದೊಡ್ಡ ಹೋಟೆಲಿದೆ. ಅಲ್ಲಿನ ಹೆಡ್ ಕುಕ್ ಯಾವುದೋ ಪಾರ್ಟಿಯಲ್ಲಿ ಇವಳ ಸಲಾಡ್ ತಿಂದು, ಕೆಲಸಕ್ಕೆ ಬಾ ಅಂತ ಕರೆದಿದ್ದ. ಉಳ್ಕೊಳ್ಳೋಕೂ ಅಲ್ಲೇ ಜಾಗ. ಇವತ್ತು ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಚಿಕ್ಕಮ್ಮ “ನಿನ್ನಿಷ್ಟ ಕಣೇ, ನನ್ನ ಮುಖ ನೋಡ್ಬೇಡ” ಅಂದಿದ್ದಳು.

ಅವಳಿಗೆ ಆಸೆಯೂ ಇತ್ತು, ಭಯವೂ ಇತ್ತು. ಹೋದ್ರೆ ಇವನ ಜೊತೆ ಪಕ್ಕ ನಿಂತು ಕಪ್ ತುಂಬೋದು ಮುಗೀತು. ಎಲ್ಲಾ ಮುಗೀತು. ಮೊದಲು ಅವನಿಗೆ ಹೇಳ್ತೀನಿ, ಅವನೇನಂತಾನೋ ನೋಡ್ತೀನಿ ಅಂತ ತೀರ್ಮಾನ ಮಾಡಿದ್ದಳು.

ಮಧ್ಯಾಹ್ನ ಅವನು ಖಾಲಿ ಕಪ್‌ಗಳ ಟ್ರೇ ಇಡೋಕೆ ಒಳಗೆ ಬಂದ. ಕೂದಲಲ್ಲಿ ಬಲೂನಿನ ಒಂದು ಹರಕು ತುಂಡು ಸಿಕ್ಕಿಕೊಂಡಿತ್ತು. ಅದನ್ನ ನೋಡಿ ಅವಳಿಗೆ ಇನ್ನೂ ಉರೀತು.

“ನನಗೆ ದೊಡ್ಡ ಹೋಟೆಲಲ್ಲಿ ಕೆಲಸ ಸಿಕ್ಕಿದೆ.” ಪೀಠಿಕೆ ಗೀಠಿಕೆ ಏನೂ ಇಲ್ಲದೇ ಹೇಳಿಬಿಟ್ಟಳು. “ಸಂಜೆಯೊಳಗೆ ಉತ್ತರ ಕೊಡ್ಬೇಕು. ಏನಂತೀಯಾ?”

ಅವನ ನಗು ಹಾಗೇ ನಿಂತುಹೋಯ್ತು. ಟ್ರೇ ಅಂಚನ್ನ ಗಟ್ಟಿಯಾಗಿ ಹಿಡ್ಕೊಂಡ.

“ನೀವು...”

ಅವಳು ಮನಸ್ಸಲ್ಲೇ ಅಂದ್ಕೊಂಡಳು. ಹೇಳು... ಹೇಳೋ...

“ನೀವು... ಅಲ್ಲಿಗೆ... ಹೋಗಿ...”

ಢಬ್!! ಹಾಲ್‌ನಲ್ಲಿ ಯಾವುದೋ ಬಲೂನು ಒಡೀತು. ಹಿಂದೆಯೇ ಕೂಗು. “ಲೋ ಬನ್! ಬಾರೋ ಬೇಗ! ಬಲೂನ್ ಕಮಾನು ಪೂರ್ತಿ ಬೀಳ್ತಿದೆ!”

“ಬಂದೆ ಕಣೇ!” ಅಂದವನೇ ಓಡಿದ!

ಸಾಸಿವೆ ನಿಂತಲ್ಲೇ ನಿಂತಿದ್ದಳು.

ನೀವು ಅಲ್ಲಿಗೆ ಹೋಗಿ.

ಹೋಗಿ...

ಅಷ್ಟೇನಾ? ಇಷ್ಟು ದಿನ ಪಕ್ಕ ನಿಂತಿದ್ದಕ್ಕೆ ಅಷ್ಟೇನಾ ಉತ್ತರ? ಅವಳಿಗೆ ‘ಬಾರೇ’, ನನಗೆ ‘ಹೋಗಿ’!

ಕಣ್ಣು ಉರೀತು. ಈರುಳ್ಳಿ ಹೆಚ್ಚಿ ಆಗಲೇ ಎಷ್ಟೋ ಹೊತ್ತಾಗಿತ್ತು... ಆದ್ರೂ ಈರುಳ್ಳಿ ಮೇಲೇ ಹಾಕಿದಳು.

ಫೋನ್ ತಗೊಂಡಳು. “ಸರ್, ನಾನು ಬರ್ತೀನಿ. ಹೂಂ ಸರ್, ಖಂಡಿತ. ಯೋಚನೆ ಮಾಡೇ ಹೇಳ್ತಿದೀನಿ.”

ಫೋನ್ ಇಟ್ಟಳು. ಬಟ್ಟಲಲ್ಲಿ ಮೇಯನೇಸ್ ಸುರಿದು, ಸಾಸಿವೆ ಪೇಸ್ಟ್ ಹಾಕಿ, ನಿಂಬೆ ಹಿಂಡಿ, ಕೋಳಿ ಎಳೆಗಳ ಜೊತೆ ಕಲೆಸಿದಳು. ಕೈ ತನ್ನ ಪಾಡಿಗೆ ಕೆಲಸ ಮಾಡ್ತಿತ್ತು. ಕೊನೇ ಗಳಿಗೆಯಲ್ಲಿ ಅವನ ಪಕ್ಕ ನಿಂತು ತುಂಬೋದಾ? ಮೊಣಕೈ ತಾಗಿಸ್ಕೊಂಡಾ? ಛೀ! ಅವನು ವಾಪಸ್ ಬರೋಷ್ಟರಲ್ಲಿ ಎಲ್ಲಾ ಮುಗಿಸಿಬಿಡ್ಬೇಕು, ಅವನ ಮುಖ ನೋಡೋದೇ ಬೇಡ!

ಒಂದೊಂದೇ ಕಪ್ ತಗೊಂಡು ತುಂಬಿದಳು. ಟ್ರೇ ಮೇಲೆ ಟ್ರೇ, ಎಲ್ಲವನ್ನೂ!

*

“ಸ್ವಲ್ಪ ನೀರು ಸಿಗುತ್ತಾ?”

ಬಾಗಿಲಲ್ಲಿ ಬಲೂನು!

ಸಾಸಿವೆ ಲೋಟ ಮುಂದೆ ತಳ್ಳಿದಳು. ಬಲೂನು ಹುಡುಗಿ ಗಟಗಟ ಕುಡಿದು, ಸ್ಟೂಲ್ ಎಳ್ಕೊಂಡು ಕೂತೇಬಿಟ್ಟಳು.

“ಸಾಸಿವೆ ಅಂದ್ರೆ ನೀವೇನಾ?”

“ಯಾಕೆ?”

“ಅಬ್ಬಾ! ನೀವೇ ಬಿಡಿ, ಗೊತ್ತಾಯ್ತು.” ನಕ್ಕಳು. ಆಮೇಲೆ ನಗು ಸ್ವಲ್ಪ ಇಳೀತು. “ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ನನಗೆ ಸ್ಕೂಲಿಂದ್ಲೂ ಆ ಕತ್ತೆ ಮೇಲೆ ಒಂಥರಾ... ಇಷ್ಟ ಇತ್ತು. ಇವತ್ತು ಸಿಕ್ಕಿದ್ನಲ್ಲ, ಇನ್ನೊಂದು ಸಲ ಸಿಗ್ತಾನೋ ಇಲ್ವೋ ಅಂತ ಏಣಿ ಮೇಲೆ ನಿಂತ್ಕೊಂಡೇ ಕೇಳಿಬಿಟ್ಟೆ. ಮದುವೆ ಆಗ್ತೀಯೇನೋ ಅಂತ.”

ಸಾಸಿವೆ ಕೈಲಿದ್ದ ಚಮಚ ಠಣ್ ಅಂತ ಬಿತ್ತು.

“ಏ... ಏನಂದ?”

“ಏಣಿ ಬಿಟ್ಟುಬಿಟ್ಟ, ಅಯೋಗ್ಯ! ಬಿದ್ದು ಸಾಯ್ತಿದ್ದೆ! ಆಮೇಲೆ ತಲೆ ಕೆರ್ಕೊಂಡು ‘ಆಗಲ್ಲ ಕಣೇ’ ಅಂದ. ಯಾರಾದ್ರೂ ಇದಾಳೇನೋ ಅಂದೆ. ಅದಕ್ಕೆ ಏನಂದ ಗೊತ್ತಾ?”

“ಏನಂದ?”

“‘ಇದಾರೆ’ ಅಂದ.”

“ಅಂದ್ರೆ?”

“ಇದಾಳೆ ಅನ್ಲಿಲ್ಲ ರೀ! ಇದಾರೆ ಅಂದ! ನಮ್ಮ ಟೀಚರ್‌ಗೆ ‘ಬಾರೇ ಟೀಚರ್’ ಅಂತ ಏಟು ತಿಂದವನು ಅವನು! ಅವನ ಬಾಯಲ್ಲಿ ಒಂದು ಬಹುವಚನ ನಾನು ಹುಟ್ಟಿದಾಗಿಂದ ಕೇಳಿಲ್ಲ. ಆಮೇಲೆ ಬಾಯಿ ಬಿಟ್ಟ ನೋಡಿ... ಸಾಸಿವೆ ಹಾಗಂದ್ರು, ಸಾಸಿವೆ ಹೀಗಂದ್ರು, ಸಾಸಿವೆ ಬೈದ್ರು... ಬೈದಿದ್ದನ್ನೂ ಪ್ರಶಸ್ತಿ ಬಂದ ಹಾಗೆ ಹೇಳ್ತಾನೆ! ಕಮಾನು ಕಟ್ಟಿ ಮುಗಿಸೋಷ್ಟರಲ್ಲಿ ನನ್ನ ಕಿವಿ ತೂತಾಯ್ತು.”

ಅವಳು ಎದ್ದಳು. ಕಣ್ಣಂಚಲ್ಲಿ ಏನೋ ಮಿನುಗಿತು, ಬೇಗ ಒರೆಸಿಕೊಂಡಳು. “ಬೇಜಾರಿದೆ ರೀ, ಇಲ್ಲ ಅನ್ನಲ್ಲ. ಆದ್ರೆ ನನ್ನ ಕೆಲಸ ಗಾಳಿ ತುಂಬೋದು. ನನಗೇ ತುಂಬ್ಕೊಂಡು ಎದ್ದೇಳ್ತೀನಿ, ಬಿಡಿ.”

ಹೋಗ್ತಾ ಟ್ರೇಯಿಂದ ಒಂದು ಕಪ್ ಎತ್ತಿ ಬಾಯಿಗಿಟ್ಟಳು. ಮುಖ ಕಿವುಚಿದಳು. “ಒಳಗಿರೋದು ಸೂಪರ್. ಕಪ್ ಯಾಕೆ ಚಪ್ಪಲಿ ಥರ ಇದೆ?”

ಸಾಸಿವೆಗೆ ಆಗ ನೆನಪಾಯ್ತು.

ಟ್ರೇ ಕಡೆ ತಿರುಗಿದಳು. ಕಪ್ ಒತ್ತಿದಳು. ಮೆತ್ತಗೆ! ಇನ್ನೊಂದು... ಮೆತ್ತಗೆ! ಒಂದು ಸಾಲು ಆಗಲೇ ಬಾಯಿ ಬಿಟ್ಕೊಂಡು ಒರಗಿತ್ತು.

‘ಅಯ್ಯೋ ದೇವರೇ! ಏನ್ ಮಾಡ್ಬಿಟ್ಟೆ ನಾನು! ಹೊಟ್ಟೆಕಿಚ್ಚಲ್ಲಿ ಅವನ ಕಪ್ ಎಲ್ಲಾ ಹಾಳು ಮಾಡ್ಬಿಟ್ನಲ್ಲ! ಜನ ಕಪ್ ಕೆಟ್ಟಿದೆ ಅಂದ್ರೆ ಬೈಸ್ಕೊಳ್ಳೋನು ಅವನು!’

“ಸಾಸಿವೆ, ಶುರು ಮಾಡೋಣ್ವಾ? ಜನ ಬರ್ತಿದಾರೆ...”

ಅವನು ಬಾಗಿಲಲ್ಲಿ ನಿಂತಿದ್ದ. ಟ್ರೇ ನೋಡಿದ. ಹತ್ತಿರ ಬಂದು ಒಂದು ಕಪ್ ಮುಟ್ಟಿದ.

ಬೈತಾನೆ ಅಂತ ಕಾದಳು.

“ಯಾಕೆ ಇಷ್ಟು ಬೇಗ ತುಂಬಿದ್ರಿ? ಮೈ ಹುಷಾರಿಲ್ವಾ?”

ಬೈದಿದ್ರೆ ತಡ್ಕೋತಿದ್ದಳೇನೋ... ಆ ಮಾತಿಗೆ ಅಳುವೇ ಬಂದುಬಿಡ್ತು.

“ನೀನೇ ತಾನೇ ಹೋಗಿ ಅಂದಿದ್ದು! ನೀವು ಅಲ್ಲಿಗೆ ಹೋಗಿ ಅಂತ! ಅದಕ್ಕೇ ಹೋಟೆಲಿಗೆ ಬರ್ತೀನಿ ಅಂತ ಹೇಳ್ಬಿಟ್ಟೆ! ನಿನ್ನ ಪಕ್ಕ ನಿಂತ್ಕೊಳ್ಳೋಕೆ ಆಗಲ್ಲ ಅಂತ ನಾನೊಬ್ಬಳೇ ತುಂಬ್ದೆ! ಸಾಕಾ?”

ಅವನು ಬಾಯಿ ತೆರೆದುಕೊಂಡು ನೋಡಿದ. “ನಾನ್ಯಾವಾಗ ಹೋಗಿ ಅಂದೆ?”

“ಅಂದೆ! ಬಲೂನ್ ಒಡೆಯೋ ಮುಂಚೆ!”

“ಅಯ್ಯೋ... ಸಾಸಿವೆ! ನಾನು ಹೇಳೋಕೆ ಹೊರಟಿದ್ದು, ನೀವು ಅಲ್ಲಿಗೆ ಹೋಗಿಬಿಟ್ರೆ ನಾನೇನ್ ಮಾಡ್ಲಿ ಅಂತ! ‘ಹೋಗಿ’ವರೆಗೆ ಬಂದಿದ್ದೆ, ಅಷ್ಟರಲ್ಲಿ ಅವಳು ಕೂಗಿದ್ಲು!”

ಸಾಸಿವೆ ಅಳು ಅರ್ಧಕ್ಕೇ ನಿಂತುಹೋಯ್ತು.

ಹೋಗಿ... ಬಿಟ್ರೆ!

ಬೇರೆ ಯಾರಿಗಾದ್ರೂ ಹೇಳಿದ್ದಿದ್ರೆ ಈ ಎಡವಟ್ಟೇ ಆಗ್ತಿರಲಿಲ್ಲ! ಅವರಿಗೆಲ್ಲಾ ‘ಹೋಗು’ ಅಂತಾನೆ, ‘ಹೋಗಿ’ ಅಂದ್ರೆ ಇನ್ನೂ ಮಾತು ಬಾಕಿ ಇದೆ ಅಂತ ಕಾಯ್ತಿದ್ರು. ಇವಳೊಬ್ಬಳಿಗೆ ಮಾತ್ರ ‘ಹೋಗಿ’ ಅಂದ್ರೆ ಅಲ್ಲಿಗೆ ಮುಗಿದುಹೋಯ್ತು. ಎಲ್ಲಾ ಆ ಹಾಳು ‘ನೀವು’ ಅನ್ನೋದ್ರಿಂದ!

“ಅಳ್ಬೇಡಿ. ಮೊದಲು ಇದನ್ನ ನೋಡೋಣ.” ಅವನು ತೋಳು ಮಡಚಿದ. “ಊಟಕ್ಕೆ ಅಂತ ತಂದಿರೋ ಉದ್ದ ಬ್ರೆಡ್ ಇದೆಯಲ್ಲ? ನಾಣ್ಯದ ಥರ ತೆಳ್ಳಗೆ ಕತ್ತರಿಸಿ ಬೆಣ್ಣೆ ಸವರಿ ಕಾಯಿಸ್ತೀನಿ. ನೀವು ಸಲಾಡ್ ಎಲ್ಲಾ ವಾಪಸ್ ಬಟ್ಟಲಿಗೆ ತೆಗೀರಿ. ಕಪ್‌ದು ಒಂದು ಚೂರೂ ಬರದ ಹಾಗೆ.”

“ಸೌತೆಕಾಯಿ ಇದೆ! ಬ್ರೆಡ್ ಮೇಲೆ ಒಂದು ಬಿಲ್ಲೆ ಇಟ್ಟು, ಅದರ ಮೇಲೆ ಸಲಾಡ್ ಇಟ್ರೆ ಬೇಗ ಒದ್ದೆ ಆಗಲ್ಲ!”

“ಅದಕ್ಕೇ ನಿಮ್ಮನ್ನ ಹೋಟೆಲಿನವರು ಕರೆದಿದ್ದು.”

ಚಿಕ್ಕಮ್ಮ ಇಣುಕಿದಳು. “ಏನ್ರೋ ನಿಮ್ಮ ಗಲಾಟೆ? ಡಾಕ್ಟರಮ್ಮ ತಿಂಡಿ ಎಲ್ಲಿ ಅಂತಿದಾರೆ!”

“ನೀನು ಸುಮ್ನಿರು ಆಂಟಿ! ಮೊದಲು ಜ್ಯೂಸ್ ಕಳಿಸು!” ಅಂತ ಅವನು ಒಲೆ ಕಡೆ ಓಡಿದ.

ಚಾಕು ಓಡ್ತು. ಬೆಣ್ಣೆ ಚುರ್ ಅಂತು. ಬ್ರೆಡ್ಡು ಬಂಗಾರದ ಬಣ್ಣಕ್ಕೆ ತಿರುಗ್ತು. ಅವನು ಜೋಡಿಸಿದ, ಅವಳು ಇಟ್ಟಳು. ಮೊಣಕೈಗೆ ಮೊಣಕೈ ತಾಗಿತು.

“ಒಂದು ಕೇಳ್ಲಾ?” ತಲೆ ಎತ್ತದೇ ಕೇಳಿದಳು. “ಎಲ್ಲರಿಗೂ ಬಾರೇ ಹೋಗೇ... ನನಗೆ ಮಾತ್ರ ಯಾಕೆ ಬನ್ನಿ ಹೋಗಿ? ನನ್ನ ಕಂಡ್ರೆ ಇನ್ನೂ ಭಯಾನಾ?”

“ಮೊದಮೊದಲು ಭಯಾನೇ. ಕೈಲಿ ಚಾಕು ಇತ್ತು ನೋಡಿ!” ನಕ್ಕ. ಆಮೇಲೆ ದನಿ ತಗ್ಗಿಸಿದ. “ಆಮೇಲೆ... ನನ್ನ ಬಾಯಿ ಒರಟು, ಸಾಸಿವೆ. ಇರೋಬರೋರಿಗೆಲ್ಲಾ ಒಂದೇ ಥರ ಕೂಗೋ ಬಾಯಿ. ಇದರಲ್ಲಿ ಒಬ್ಬರಿಗೆ ಅಂತ ಏನಾದ್ರೂ ಬೇರೆ ಎತ್ತಿಡ್ಬೇಕು ಅನ್ನಿಸ್ತು. ‘ನೀವು’ ಅಂತ ನಾನು ಅನ್ನೋದು ಈ ಪ್ರಪಂಚದಲ್ಲಿ ಒಬ್ಬರಿಗೇ.”

ಸಾಸಿವೆ ಇಟ್ಟ ಸಲಾಡ್ ಬ್ರೆಡ್ ಬಿಟ್ಟು ಟ್ರೇ ಮೇಲೆ ಬಿತ್ತು.

ಇಷ್ಟು ದಿನ ತನ್ನ ಹೊಟ್ಟೆ ಉರಿಸಿದ್ದು... ತನಗೇ ಅಂತ ಎತ್ತಿಟ್ಟಿದ್ದಾ!

“ಹಾಗಾದ್ರೆ... ಹಾಗೇ ಇರ್ಲಿ ಬಿಡು,” ಅಂದಳು, ಕೇಳಿಸಿತೋ ಇಲ್ವೋ ಅನ್ನೋ ಹಾಗೆ.

*

ಟ್ರೇ ಹೊರಗೆ ಹೋಯ್ತು. ಖಾಲಿಯಾಗಿ ಬಂತು. ಮತ್ತೆ ಹೋಯ್ತು. ಡಾಕ್ಟರ್ ಸಾಹೇಬರು ಕಿಟಕಿಯಲ್ಲಿ ಮುಖ ತೂರಿಸಿ, “ಹಲ್ಲಿಗೆ ಕೆಲಸ ಕೊಡೋ ತಿಂಡಿ! ನಮಗೂ ಕೆಲಸ ಬರುತ್ತೆ!” ಅಂತ ಹೇಳಿ ತಮ್ಮ ಜೋಕಿಗೆ ತಾವೇ ನಕ್ಕರು.

ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತರು. ಸಂಜೆ ಬಿಸಿಲು ಗೋಡೆ ಮೇಲಿತ್ತು.

“ಹೋಟೆಲಿಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ತೀರಾ?” ಅವನು ನೆಲ ನೋಡ್ತಾ ಕೇಳಿದ.



“ಇಲ್ಲ. ಕೋಪದಲ್ಲಿ ಹೂಂ ಅಂದೆ, ನಿಜ. ಆದ್ರೆ ಆ ಕೆಲಸ ನನಗೆ ಬೇಕು. ಎಷ್ಟೋ ದಿನದಿಂದ ಬೇಕು.”

“ಹೂಂ.” ಅವನು ತಲೆ ಆಡಿಸಿದ. ಮುಖ ಮಾತ್ರ ಒಣಗಿದ ಬ್ರೆಡ್ ಥರ ಆಯ್ತು.

“ನೀನೂ ಬೇಕು.”

ಅವನು ಗಕ್ಕನೆ ತಲೆ ಎತ್ತಿದ.

“ಏನು ಹಾಗೆ ನೋಡ್ತೀಯ? ನಾನು ಆಸೆಬುರುಕಿ. ಎರಡೂ ಬೇಕು ನನಗೆ!”

“ವಾರದ ರಜೆ ಯಾವತ್ತು ಅಲ್ಲಿ?”

“ಸೋಮವಾರ.”

“ಹಾಗಾದ್ರೆ ಇನ್ಮೇಲೆ ಬೇಕರಿಗೂ ಸೋಮವಾರ ಬೀಗ.”

“ಹುಚ್ಚಾ? ಗಿರಾಕಿಗಳು?”

“ಒಂದಿನ ಹಳೇ ಬ್ರೆಡ್ ತಿನ್ಲಿ. ಏನೂ ಆಗಲ್ಲ.”

ಅವಳು ನಕ್ಕಳು. ನಗ್ತಾ ನಗ್ತಾ ಅವನ ಭುಜಕ್ಕೆ ತಲೆ ಒರಗಿಸಿದಳು. ಅವನು ಉಸಿರಾಡೋದನ್ನೂ ಮರೆತು ಕಲ್ಲಿನ ಹಾಗೆ ಕೂತ. ಅಲ್ಲಾಡಿದ್ರೆ ಎಲ್ಲಿ ಎದ್ದುಬಿಡ್ತಾಳೋ ಅಂತ...

ಮೆಲ್ಲಗೆ ಕೇಳಿದ.

“ಸಾಸಿವೆ... ಆ ಹೋಟೆಲಲ್ಲಿ ಬೇಕರಿ ವಿಭಾಗ ಇದ್ಯಾ?”

“ಇದೆ. ದೊಡ್ಡದು.”

“ಅಲ್ಲಿ ಕಪ್ ಮಾಡೋನು... ಹೇಗಿದಾನೆ?”

“ನಾನಿನ್ನೂ ನೋಡಿಲ್ಲ.”

“ನೋಡ್ಬೇಡಿ.”

ಅವಳು ತಲೆ ಎತ್ತಿದಳು. ಅವನ ಮುಖ ಪೂರ್ತಿ ಕೆಂಪಾಗಿತ್ತು. ಅಯ್ಯೋ... ಬೆಳಗ್ಗೆಯಿಂದ ತಾನು ಅನುಭವಿಸಿದ ಅದೇ ಉರಿ, ಅದೇ ಬಣ್ಣ!

“ಕಪ್ ಜೋಡಿಸೋಕೆ ಪಕ್ಕ ನಿಂತ್ಕೊಳ್ಳಲೇಬೇಕಲ್ಲ?” ಬೇಕಂತಲೇ ಕೆಣಕಿದಳು.

“ಸ್ವಲ್ಪ ದೂರ ನಿಂತ್ಕೊಳ್ಳಿ. ಕೈ ಚಾಚಿದ್ರೆ ಸಿಗೋಷ್ಟು ಸಾಕು. ಮತ್ತೆ... ಅವನು ಎಂಥಾ ಕಪ್ ಮಾಡಿದ್ರೂ ಚೆನ್ನಾಗಿದೆ ಅನ್ಬೇಡಿ.”

“ನಿಜವಾಗ್ಲೂ ಚೆನ್ನಾಗಿದ್ರೆ?”

“ಚೆನ್ನಾಗಿದ್ರೂ!”

ಸಾಸಿವೆ ಅವನ ಹುಬ್ಬಿನ ಮೇಲಿದ್ದ ಹಿಟ್ಟನ್ನ ತನ್ನ ಹೆಬ್ಬೆರಳಲ್ಲಿ ನಿಧಾನಕ್ಕೆ ಒರೆಸಿದಳು.

“ಸರಿ ಕಣೋ. ಅನ್ನಲ್ಲ.”